ಧೂಮಪಾನ ನಿವೃತ್ತಿಯೂ ವೈದ್ಯರ ಚೀಟಿಯೂ: ಚಾಮರಾಜನಗರ, ಗುಂಡ್ಲುಪೇಟೆ ಪ್ರಾಂತವನ್ನು ಕುರಿತ ವಿಚಾರ

೧. ವಿಷಯನಿರ್ದೇಶ

ಧೂಮಪಾನವೆಂಬ ಶಬ್ದವು ಇಂದು ಕನ್ನಡದಲ್ಲಿ ಬೀಡಿ, ಸಿಗರೇಟು, ಚುಟ್ಟಗಳ ಸೇವನೆಗೆ ರೂಢವಾಗಿದೆ. ಅದು ಕಿವಿಗೆ ಬಿದ್ದೊಡನೆ ಮನಸ್ಸಿಗೆ ತೋರುವುದು ಒಂದು ದುರಭ್ಯಾಸ. ಅದರ ಬೆನ್ನಿಗೇ ಬರುವ ಶಬ್ದ ನಿಷೇಧ. ಆದರೆ ಈ ಶಬ್ದವು ಹುಟ್ಟಿದ್ದು ದುರಭ್ಯಾಸವನ್ನು ಹೇಳುವುದಕ್ಕಲ್ಲ, ಚಿಕಿತ್ಸೆಯನ್ನು ಹೇಳುವುದಕ್ಕೆ. ವೈದ್ಯನು ಮಾತ್ರೆ, ಕಾಲಗಳನ್ನು ಗೊತ್ತುಮಾಡಿ ವಿಧಿಸುತ್ತಿದ್ದ ಒಂದು ಕರ್ಮಕ್ಕೆ ಪೂರ್ವದಲ್ಲಿ ಧೂಮಪಾನವೆಂದು ಹೆಸರಿತ್ತು. ಔಷಧದ ಹೆಸರು ವ್ಯಸನದ ಹೆಸರಾಯಿತು. ಈಗ ಆ ವ್ಯಸನವನ್ನು ಬಿಡಿಸುವುದಕ್ಕೆ ಅದರ ಸಾರವನ್ನೇ ಮತ್ತೆ ಔಷಧವಾಗಿ ಕೊಡುವ ಕ್ರಮವು ಬಂದಿದೆ. ಆ ಸಾರವನ್ನು ಯಾರು, ಯಾರಿಗೆ, ಎಷ್ಟು, ಎಲ್ಲಿಯವರೆಗೆ ಕೊಡಬೇಕು. ಯಾವ ರೂಪದಲ್ಲಿ ಕೊಡಬಾರದು ಎಂಬುದೇ ಇಲ್ಲಿ ವಿಚಾರ್ಯವಾದ ಸಂಗತಿ.

ಈ ಪ್ರಶ್ನೆಯು ಲೋಕವ್ಯಾಪಕವಾದುದು. ಆದರೂ ಒಂದು ನಿಯತವಾದ ಪ್ರದೇಶವನ್ನು ಮುಂದಿಟ್ಟುಕೊಂಡು ನೋಡಿದಲ್ಲದೆ ಶಾಸನದ ಗುಣದೋಷಗಳು ತಿಳಿಯಲಾರವು. ಅದಕ್ಕೆ ಕರ್ನಾಟಕದ ದಕ್ಷಿಣದ ಅಂಚಿನಲ್ಲಿರುವ ಚಾಮರಾಜನಗರವೂ ಗುಂಡ್ಲುಪೇಟೆಯೂ ತಕ್ಕ ಸ್ಥಳಗಳು. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯು ತಮಿಳುನಾಡು, ಕೇರಳಗಳೆರಡರ ಎಲ್ಲೆಯನ್ನೂ ಮುಟ್ಟಿಕೊಂಡಿದೆ. ಮೈಸೂರಿನಿಂದ ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಕವಲು ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೂ ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿಗೂ ಹೋಗುವುದು. ಬಯಲಿನಲ್ಲಿ ಅರಿಸಿನ, ಸೂರ್ಯಕಾಂತಿ, ಚೆಂಡುಹೂಗಳ ಹೊಲಗಳು. ಬೆಟ್ಟಗಳಲ್ಲಿ ಸೋಲಿಗರ ಪೋಡುಗಳು. ಪಟ್ಟಣದ ವಿದ್ಯಾವಂತರು ವೇಪ್ ಎಂದೂ ಇ-ಸಿಗರೇಟು ಎಂದೂ ಚರ್ಚೆಮಾಡುತ್ತಿರುವಾಗ ಇಂತಹ ನಾಡಿನ ದುಡಿಮೆಗಾರನ ಕೈಯಲ್ಲಿರುವುದು ಬೀಡಿ, ದವಡೆಯಲ್ಲಿರುವುದು ಕಡ್ಡಿಪುಡಿ. ದೇಶಕ್ಕೆಲ್ಲ ಒಂದೇ ಆಗಿ ಮಾಡಿದ ಶಾಸನವು ಇವನಿಗೆ ಏನನ್ನು ಕೊಟ್ಟಿತು, ಏನನ್ನು ಕೊಡದೆ ಉಳಿಸಿತು ಎಂಬುದನ್ನು ನೋಡಬೇಕು.

೨. ಧೂಮಪಾನ ಶಬ್ದದ ಪೂರ್ವಾರ್ಥ

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮಪಾನವಿಧಿಯು ವಿಸ್ತಾರವಾಗಿ ಬಂದಿದೆ. ಅಲ್ಲಿ ಧೂಮವು ಮೂರು ಬಗೆ: ನಿತ್ಯಸೇವನೆಗೆ ಯೋಗ್ಯವಾದ ಪ್ರಾಯೋಗಿಕ, ಸ್ನಿಗ್ಧದ್ರವ್ಯಗಳಿಂದಾದ ಸ್ನೈಹಿಕ, ಶಿರಸ್ಸಿನ ದೋಷಗಳನ್ನು ಹೊರಡಿಸುವ ವೈರೇಚನಿಕ. ಸುಶ್ರುತನು ಕಾಸಘ್ನ, ವಾಮನೀಯಗಳೆಂಬ ಎರಡನ್ನು ಕೂಡಿಸಿ ಐದೆಂದು ಎಣಿಸುವನು. ವಾಗ್ಭಟನು ಸ್ನಿಗ್ಧ, ಮಧ್ಯ, ತೀಕ್ಷ್ಣಗಳೆಂದು ಮತ್ತೆ ಮೂರಕ್ಕೆ ತರುವನು. ಔಷಧದ್ರವ್ಯಗಳನ್ನು ನುಣ್ಣಗೆ ಅರೆದು, ಜೊಂಡಿನ ಕಡ್ಡಿಗೆ ಲೇಪಿಸಿ, ಹೆಬ್ಬೆರಳಿನಷ್ಟು ದಪ್ಪವಾಗಿಯೂ ಎಂಟಂಗುಲ ಉದ್ದವಾಗಿಯೂ ಬತ್ತಿಯನ್ನು ಮಾಡಿ, ಒಣಗಿದ ಮೇಲೆ ಕಡ್ಡಿಯನ್ನು ತೆಗೆದು, ತುಪ್ಪವನ್ನು ಸವರಿ, ನಳಿಗೆಗೆ ಸೇರಿಸಿ ಹೊತ್ತಿಸತಕ್ಕದ್ದು. ಸೇದುವುದಕ್ಕೆ ಸ್ನಾನಾನಂತರ, ಭೋಜನಾನಂತರ ಮೊದಲಾದ ಎಂಟು ಕಾಲಗಳು ನಿಯತವಾಗಿವೆ. ಪ್ರಾಯೋಗಿಕವು ದಿನಕ್ಕೆ ಎರಡು ಸಲ, ಸ್ನೈಹಿಕವು ಒಂದು ಸಲ, ವೈರೇಚನಿಕವು ಮೂರು ನಾಲ್ಕು ಸಲ.

ನಳಿಗೆಯ ವಿಚಾರವು ಇನ್ನೂ ಸ್ವಾರಸ್ಯವಾದುದು. ಸೇದುವವನ ಬೆರಳಿನ ಅಳತೆಯಿಂದಲೇ ವೈರೇಚನಿಕಕ್ಕೆ ೨೪, ಸ್ನೈಹಿಕಕ್ಕೆ ೩೨, ಪ್ರಾಯೋಗಿಕಕ್ಕೆ ೩೬ ಅಂಗುಲಗಳ ನಳಿಗೆಯಾಗಬೇಕು. ದೂರದಿಂದ ಹೊರಟು ಗಿಣ್ಣುಗಿಣ್ಣಿಗೂ ತಡೆದು ಬರುವ ಹೊಗೆಯು ತೆಳುವಾಗಿ ಇಂದ್ರಿಯಗಳನ್ನು ಬಾಧಿಸದೆಂಬುದು ಇದಕ್ಕೆ ಕೊಟ್ಟಿರುವ ಕಾರಣ. ಅದೂ ಮಾತ್ರಾಕಾಲಗಳನ್ನು ಅರಿತು ಸೇವಿಸಿದಾಗ ಮಾತ್ರ. ಅಕಾಲದಲ್ಲಿ ಅಥವಾ ಅತಿಯಾಗಿ ಸೇದಿದರೆ ಕಿವುಡು, ಕುರುಡು, ಮೂಕತನ, ರಕ್ತಪಿತ್ತ, ತಲೆಸುತ್ತುಗಳುಂಟಾಗುವುವೆಂದೂ ಹೇಳಿದೆ. ಯಾರು ಯಾರು ಸೇದಲೇಬಾರದೆಂಬ ಪಟ್ಟಿಯೂ ಕೊಡಲ್ಪಟ್ಟಿದೆ.

ಇದರಿಂದ ವ್ಯಕ್ತವಾಗುವುದೇನೆಂದರೆ, ಧೂಮಪಾನವು ಶಾಸ್ತ್ರದಲ್ಲಿ ಐದು ಕಟ್ಟುಗಳಿಂದ ಬಿಗಿಯಲ್ಪಟ್ಟಿತ್ತು: ದ್ರವ್ಯ, ಮಾತ್ರೆ, ಕಾಲ, ಸಾಧನ, ಅಧಿಕಾರಿ. ಈ ಐದೂ ಇದ್ದರೆ ಔಷಧ. ಇವು ಸಡಿಲಿದರೆ ಅದೇ ಕರ್ಮವು ರೋಗಕಾರಣ. ಆ ಬತ್ತಿಯಲ್ಲಿ ಹೊಗೆಸೊಪ್ಪು ಇರಲಿಲ್ಲವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಆ ಗಿಡವು ಆಗ ಭರತಖಂಡಕ್ಕೆ ಬಂದೇ ಇರಲಿಲ್ಲ.

೩. ಹೊಗೆಸೊಪ್ಪಿನ ಆಗಮನ

ಅಮೆರಿಕ ಖಂಡದ ಈ ಗಿಡವು ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದುದು ಸುವಿದಿತ. ಉತ್ತರದ ರಾಜಸಭೆಯನ್ನು ಅದು ಮುಟ್ಟಿದ್ದು ಕನ್ನಡ ನಾಡಿನ ದಾರಿಯಿಂದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಕ್ಬರನ ದೂತನಾಗಿ ೧೬೦೪ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಾನು ಹಿಂದೆ ಕಾಣದಿದ್ದ ಈ ಸೊಪ್ಪನ್ನು ಕಂಡು, ಅದನ್ನೂ ಸೊಗಸಾದ ನಳಿಗೆಯೊಂದನ್ನೂ ತೆಗೆದುಕೊಂಡು ಹೋಗಿ ಬಾದಶಹನಿಗೆ ಒಪ್ಪಿಸಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರನು ಕುತೂಹಲದಿಂದ ಸೇದಿನೋಡಿದನು. ಆಸ್ಥಾನದ ವೈದ್ಯನು ಮಾತ್ರ, ತಮ್ಮ ಗ್ರಂಥಗಳಲ್ಲಿ ಹೇಳದಿರುವ, ಪರೀಕ್ಷೆಗೊಳಗಾಗದ ದ್ರವ್ಯವಿದೆಂದು ಆಕ್ಷೇಪಿಸಿದನು. ಆಕ್ಷೇಪವು ನಿಲ್ಲಲಿಲ್ಲ. ಸರದಾರರು ಸೇದಲಾರಂಭಿಸಿದರು, ವರ್ತಕರು ತರಿಸಲಾರಂಭಿಸಿದರು. ೧೬೧೭ರಲ್ಲಿ ಜಹಾಂಗೀರನು ನಿಷೇಧಾಜ್ಞೆಯನ್ನು ಹೊರಡಿಸುವಷ್ಟರಲ್ಲಿ ಅಭ್ಯಾಸವು ಬೇರುಬಿಟ್ಟಿತ್ತು. ವೈದ್ಯನ ಪರೀಕ್ಷೆಗೆ ಮೊದಲೇ ವರ್ತಕನ ಕೈಸೇರಿದ ಪದಾರ್ಥವನ್ನು ಆಮೇಲೆ ರಾಜಾಜ್ಞೆಯಿಂದ ಹಿಂದಕ್ಕೆ ಕರೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಮ್ಮ ದೇಶದ ಮೊದಲನೆಯ ನಿದರ್ಶನ.

ಭಾಷೆಯಲ್ಲಿಯೂ ಇದರ ಗುರುತು ಉಳಿದಿದೆ. ಗಿಡಕ್ಕೆ ಕನ್ನಡಿಗರು ಹೊಗೆಸೊಪ್ಪು ಎಂಬ ಅಚ್ಚಗನ್ನಡದ ಹೆಸರನ್ನು ಕೊಟ್ಟರು. ಸೇವನೆಯ ಕ್ರಮಗಳಿಗೆ ಬಂದಾಗ ವೈದ್ಯಶಾಸ್ತ್ರದ ಶಬ್ದಗಳು ಹೊಸ ಅರ್ಥದಲ್ಲಿ ನಿಂತವು. ಸೇದುವುದು ಧೂಮಪಾನವಾಯಿತು. ಮೂಗಿಗೆ ಏರಿಸುವ ಪುಡಿಯು ನಶ್ಯವಾಯಿತು. ಇದು ಪಂಚಕರ್ಮಗಳಲ್ಲೊಂದಾದ ನಸ್ಯವೇ. ಎರಡು ಶಬ್ದಗಳೂ ವೈದ್ಯನ ಮನೆಯಿಂದ ಅಂಗಡಿಯ ಜಗಲಿಗೆ ಇಳಿದುಬಂದವು. ಹೆಸರು ಇಳಿದುಬಂತು, ಕಟ್ಟುಗಳು ಜೊತೆಗೆ ಬರಲಿಲ್ಲ. ಕಾಲ, ಮಾತ್ರೆ, ಅಧಿಕಾರಿ ಎಂಬ ವಿಚಾರವಿಲ್ಲದೆ ಬೇಕೆನಿಸಿದಾಗಲೆಲ್ಲ ಸೇವಿಸುವುದೇ ಧೂಮಪಾನವಾಯಿತು.

೪. ವಿಷವೂ ಔಷಧವೂ ಆದ ದ್ರವ್ಯ

ಹೊಗೆಸೊಪ್ಪಿನಲ್ಲಿ ಮನುಷ್ಯನನ್ನು ಕಟ್ಟಿಹಾಕುವ ದ್ರವ್ಯ ನಿಕೋಟಿನ್. ಇದನ್ನು ೧೮೨೮ರಲ್ಲಿ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್, ರೈಮನ್ ಎಂಬಿಬ್ಬರು ಬೇರ್ಪಡಿಸಿದರು. ಸೇದಿದ ಹೊಗೆಯೊಡನೆ ಇದು ಶ್ವಾಸಕೋಶಕ್ಕೂ ಅಲ್ಲಿಂದ ರಕ್ತಕ್ಕೂ ಸೇರಿ, ಹತ್ತಿಪ್ಪತ್ತು ಸೆಕೆಂಡುಗಳೊಳಗಾಗಿ ಮೆದುಳನ್ನು ಮುಟ್ಟುವುದು. ಆ ವೇಗವೇ ವ್ಯಸನದ ಮೂಲ. ಆದರೆ ಅರ್ಬುದರೋಗವನ್ನೂ ಶ್ವಾಸರೋಗಗಳನ್ನೂ ತರುವುದರಲ್ಲಿ ಪ್ರಧಾನವಾದ ಪಾತ್ರವು ಸೊಪ್ಪು ಉರಿದಾಗ ಹುಟ್ಟುವ ಟಾರು, ವಿಷಾನಿಲ ಮೊದಲಾದವುಗಳದು. ಕಟ್ಟಿಹಾಕುವುದು ಒಂದು, ಕೊಲ್ಲುವುದು ಬಹುಮಟ್ಟಿಗೆ ಇನ್ನೊಂದು. ಈ ಭೇದವನ್ನು ಗ್ರಹಿಸಿದ ಮೇಲೆ, ಹೊಗೆಯಿಲ್ಲದೆ ನಿಕೋಟಿನನ್ನು ಮಾತ್ರ ಅಳತೆಮಾಡಿ ಕೊಟ್ಟು, ಕ್ರಮವಾಗಿ ಅದನ್ನೂ ಕುಗ್ಗಿಸುತ್ತ ಬಂದು ರೋಗಿಯನ್ನು ಬಿಡಿಸಬಹುದೆಂಬ ಯೋಚನೆಯು ಹುಟ್ಟಿತು.

ಸ್ವೀಡನ್ ದೇಶದ ಓವೆ ಫೆರ್ನೋ ಎಂಬ ರಸಾಯನಜ್ಞನು ೧೯೬೭ರಿಂದ ಈ ದಾರಿಯಲ್ಲಿ ದುಡಿದನು. ಹೊಗೆ ಸೇದುವಂತಿಲ್ಲದ ಜಲಾಂತರ್ಗಾಮಿ ನೌಕೆಗಳಲ್ಲಿ ನಾವಿಕರು ಸೊಪ್ಪನ್ನು ಅಗಿದು ಚಪಲವನ್ನು ತಣಿಸಿಕೊಳ್ಳುತ್ತಿದ್ದ ಸಂಗತಿಯು ಅವನಿಗೆ ಸೂಚನೆಯಾಯಿತು. ಅವನ ನಿಕೋಟಿನ್ ಗಮ್ಮು ೧೯೭೮ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಔಷಧವಾಗಿ ಅಂಗೀಕೃತವಾಯಿತು. ಅಮೆರಿಕದಲ್ಲಿ ೧೯೮೪ರಲ್ಲಿ ವೈದ್ಯರ ಚೀಟಿಯಿದ್ದರೆ ಮಾತ್ರ ಸಿಕ್ಕುತ್ತಿದ್ದ ಇದು, ಹನ್ನೆರಡು ವರ್ಷಗಳ ಅನುಭವದ ಮೇಲೆ, ೧೯೯೬ರಲ್ಲಿ ಚೀಟಿಯಿಲ್ಲದೆಯೂ ಸಿಕ್ಕುವಂತಾಯಿತು. ಮುಂದೆ ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಬಂದಿತು. ಅದರ ಬಲವು ಸಾಮಾನ್ಯವಾಗಿ ೨೧, ೧೪, ೭ ಮಿಲಿಗ್ರಾಂಗಳೆಂದು ಮೂರು ಮೆಟ್ಟಿಲು. ಕೆಲವು ವಾರಗಳು ಒಂದೊಂದು ಮೆಟ್ಟಿಲಲ್ಲಿ ನಿಂತು ಇಳಿಯತಕ್ಕದ್ದು. ನಿಕೋಟಿನ್ ಇಲ್ಲದೆಯೇ ಚಪಲವನ್ನು ಕುಗ್ಗಿಸುವ ಬುಪ್ರೋಪಿಯಾನ್, ವರೆನಿಕ್ಲಿನ್ ಮೊದಲಾದ ಮಾತ್ರೆಗಳೂ ಇವೆ. ಇವು ವೈದ್ಯನ ಪರೀಕ್ಷೆಯಿಲ್ಲದೆ ಕೊಡತಕ್ಕವಲ್ಲ.

ಇಳಿಮೆಟ್ಟಿಲಿನ ಈ ಕ್ರಮಕ್ಕೆ ಸದೃಶವಾದ ಮಾತೊಂದು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿದೆ. ಅಭ್ಯಾಸಬಲದಿಂದ ದೇಹಕ್ಕೆ ಒಗ್ಗಿಹೋದ ಅಹಿತವನ್ನು ಬುದ್ಧಿವಂತನು ಪಾದಪಾದವಾಗಿ ಬಿಡಬೇಕೆಂದೂ, ಬಿಟ್ಟಷ್ಟು ಸ್ಥಾನದಲ್ಲಿ ಹಿತವಾದುದನ್ನು ತುಂಬುತ್ತ ಬರಬೇಕೆಂದೂ, ಕ್ರಮವಾಗಿ ಕುಗ್ಗಿದ ದೋಷವು ಮತ್ತೆ ತಲೆಯೆತ್ತದೆಂದೂ ಅಲ್ಲಿಯ ಅಭಿಪ್ರಾಯ. ಪೂರ್ವಿಕರು ನಿಕೋಟಿನ್ ಪಟ್ಟಿಯನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ವ್ಯಸನವನ್ನು ಬಿಡುವುದು ಸಂಕಲ್ಪಮಾತ್ರದಿಂದ ಆಗತಕ್ಕ ಕೆಲಸವಲ್ಲ, ಅದಕ್ಕೂ ವಿಧಿಯುಂಟು ಎಂಬ ತಿಳಿವು ಎರಡು ಕಡೆಗೂ ಸಮಾನವೆಂಬಷ್ಟೇ ಇಲ್ಲಿ ಗ್ರಾಹ್ಯ.

೫. ಇ-ಸಿಗರೇಟೂ ೨೦೧೯ರ ಶಾಸನವೂ

ಚೀನಾ ದೇಶದ ಔಷಧಶಾಸ್ತ್ರಜ್ಞನಾದ ಹೊನ್ ಲಿಕ್ ಎಂಬವನು ೨೦೦೩ರಲ್ಲಿ ಈಗಿನ ಇ-ಸಿಗರೇಟಿನ ಮೂಲರೂಪವನ್ನು ರಚಿಸಿದನು. ಬ್ಯಾಟರಿಯ ಬಲದಿಂದ ಒಂದು ದ್ರವವು ಕಾದು ಸೂಕ್ಷ್ಮವಾದ ತುಂತುರಾಗುವುದು. ಅದನ್ನು ಉಸಿರಿನೊಡನೆ ಒಳಕ್ಕೆಳೆದುಕೊಳ್ಳುವುದು. ಇಲ್ಲಿ ಸೊಪ್ಪು ಉರಿಯದ ಕಾರಣ ಇದನ್ನು ಧೂಮವೆಂದು ಕರೆಯುವುದು ಸರಿಯಾಗಲಾರದು. ಆವಿಯೆಂಬುದೂ ಪೂರ್ತಿ ಒಪ್ಪುವುದಿಲ್ಲ. ಇದಕ್ಕೆ ಕನ್ನಡದ ಹೆಸರು ಹುಟ್ಟುವುದಕ್ಕೆ ಮೊದಲೇ ನಿಷೇಧವು ಬಂದಿತು.

ಕರ್ನಾಟಕ ಸರಕಾರವು ೨೦೧೬ರ ಜೂನ್ ತಿಂಗಳಲ್ಲಿ ಇದನ್ನು ನಿಷೇಧಿಸಿತು. ತಮಿಳುನಾಡು ೨೦೧೮ರಲ್ಲಿ ನಿಷೇಧಿಸಿತು. ರಾಜ್ಯಕ್ಕೊಂದು ಕಾಲದಲ್ಲಿ ಹೊರಟ ಆಜ್ಞೆಗಳ ಕಷ್ಟವು ಗುಂಡ್ಲುಪೇಟೆಯಂತಹ ಗಡಿಯೂರಿಗೆ ಬೇಗ ತಿಳಿಯತಕ್ಕದ್ದು. ಒಂದೇ ರಸ್ತೆಯ ಒಂದು ತುದಿಯಲ್ಲಿ ಅಪರಾಧವಾದುದು ಇನ್ನೊಂದು ತುದಿಯಲ್ಲಿ ವ್ಯಾಪಾರವಾಗಬಹುದು. ೨೦೧೯ರ ಸೆಪ್ಟೆಂಬರ್ ೧೮ರಂದು ಕೇಂದ್ರಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಅಧಿನಿಯಮವನ್ನಾಗಿ ಮಾಡಿದ್ದರಿಂದ ಈ ಭೇದವು ಅಳಿಯಿತು. ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತುಗಳೆಲ್ಲವೂ ನಿಷಿದ್ಧ. ಮೊದಲನೆಯ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆಯೂ ಐದು ಲಕ್ಷದವರೆಗೆ ದಂಡವೂ. ದಾಸ್ತಾನು ಮಾಡಿದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಐವತ್ತು ಸಾವಿರದವರೆಗೆ ದಂಡ ಅಥವಾ ಎರಡೂ.

ಶಾಸನದ ಲಕ್ಷಣವಾಕ್ಯದಲ್ಲಿ ಒಂದು ಅಪವಾದವುಂಟು. ಅದನ್ನು ಬಹುಮಂದಿ ಗಮನಿಸಿದಂತೆ ತೋರುವುದಿಲ್ಲ. ೧೯೪೦ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದ ಮೇರೆಗೆ ಪರವಾನಗಿ ಪಡೆದ ಪದಾರ್ಥವು ಇ-ಸಿಗರೇಟೆಂಬ ಲಕ್ಷಣಕ್ಕೆ ಒಳಪಡುವುದಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಶಾಸನಕಾರರ ಮನೋಗತವು ಇದರಿಂದ ತಿಳಿಯುವುದು. ಅವರು ಮುಚ್ಚಿದ್ದು ವರ್ತಕನ ಬಾಗಿಲನ್ನು. ವೈದ್ಯಶಾಸ್ತ್ರದ ಪರೀಕ್ಷೆಯನ್ನು ದಾಟಿ ಬರುವ ಬಾಗಿಲನ್ನು ತೆರೆದೇ ಇಟ್ಟರು. ಬಿಜಾಪುರದ ಸೊಪ್ಪಿನ ವಿಷಯದಲ್ಲಿ ಅಕ್ಬರನ ವೈದ್ಯನು ಕೇಳಿದ್ದೂ ಇಷ್ಟನ್ನೇ.

೬. ಪೂರ್ವಪಕ್ಷ ಮತ್ತು ಅದರ ವಿಮರ್ಶೆ

ಇಲ್ಲಿ ಬಲವಾದ ಪೂರ್ವಪಕ್ಷವೊಂದುಂಟು. ಇ-ಸಿಗರೇಟು ಸಿಗರೇಟನ್ನು ಬಿಡಿಸುವ ಸಾಧನ. ಅದನ್ನು ನಿಷೇಧಿಸಿ ಬೀಡಿ ಸಿಗರೇಟುಗಳನ್ನು ಬೀದಿಬೀದಿಯಲ್ಲಿ ಮಾರಗೊಡುವುದು ವಿಪರೀತವಲ್ಲವೆ ಎಂಬುದು. ಈ ಪಕ್ಷಕ್ಕೆ ಪ್ರಮಾಣವಿಲ್ಲದೆ ಇಲ್ಲ. ಇಂಗ್ಲೆಂಡಿನಲ್ಲಿ ೮೮೬ ಮಂದಿಯ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದು ವರ್ಷದ ಮೇಲೆ ಸಿಗರೇಟನ್ನು ಬಿಟ್ಟಿದ್ದವರು ಇ-ಸಿಗರೇಟಿನ ಗುಂಪಿನಲ್ಲಿ ನೂರಕ್ಕೆ ೧೮, ಗಮ್ಮು ಪಟ್ಟಿ ಮೊದಲಾದವುಗಳ ಗುಂಪಿನಲ್ಲಿ ೯.೯. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಇದೇ ಕಡೆಗೆ ವಾಲುವುದು. ಬ್ರಿಟನ್ ಈ ಪ್ರಮಾಣವನ್ನು ನಂಬಿ, ಸೇದುವವರಿಗೆ ಸಿಗರೇಟಿನ ಬದಲು ಇದನ್ನು ಕೊಡುವ ಯೋಜನೆಯನ್ನು ೨೦೨೩ರಲ್ಲಿ ಸಾರಿತು.

ಆದರೆ ಅದೇ ಪರೀಕ್ಷೆಯ ಉತ್ತರಾರ್ಧವನ್ನೂ ಓದಬೇಕು. ಸಿಗರೇಟನ್ನು ಬಿಟ್ಟವರಲ್ಲಿ, ವರ್ಷದ ಕೊನೆಯಲ್ಲಿ, ಕೊಟ್ಟ ಇ-ಸಿಗರೇಟನ್ನೇ ಇನ್ನೂ ಸೇದುತ್ತಿದ್ದವರು ನೂರಕ್ಕೆ ೮೦. ಗಮ್ಮು ಪಟ್ಟಿಗಳನ್ನು ಇನ್ನೂ ಬಳಸುತ್ತಿದ್ದವರು ನೂರಕ್ಕೆ ೯. ಒಂದರಲ್ಲಿ ಬಿಟ್ಟವರು ಹೆಚ್ಚು, ಇನ್ನೊಂದರಲ್ಲಿ ಬಿಡುಗಡೆಯಾದವರು ಹೆಚ್ಚು. ಅಲ್ಲದೆ ವ್ಯಸನವೇ ಇಲ್ಲದ ಎಳೆಯರನ್ನು ಈ ಸಾಧನವು ಸೆಳೆದುಕೊಂಡ ಸಂಗತಿಯನ್ನು ಮರೆಯಲಾಗದು. ೨೦೧೯ರಲ್ಲಿ ಅಮೆರಿಕದ ಪ್ರೌಢಶಾಲೆಗಳ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೨೭.೫ ಮಂದಿ ಇದನ್ನು ಬಳಸುತ್ತಿದ್ದರೆಂದು ಅಲ್ಲಿಯ ಸಮೀಕ್ಷೆಯು ತಿಳಿಸಿತು. ಅದೇ ವರ್ಷ ಅಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಬೇನೆಯಿಂದ ೨೦೨೦ರ ಫೆಬ್ರವರಿಯೊಳಗೆ ೬೮ ಮಂದಿ ಸತ್ತರು. ಅದಕ್ಕೆ ಮುಖ್ಯಕಾರಣವು ಗಾಂಜಾಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟೆಂದು ಆಮೇಲೆ ಗೊತ್ತಾಯಿತು. ಇದನ್ನು ಎಲ್ಲ ಇ-ಸಿಗರೇಟುಗಳ ಮೇಲೂ ಹೊರಿಸುವುದು ನ್ಯಾಯವಲ್ಲ. ಆದರೆ ದ್ರವ್ಯದ ಕಟ್ಟು ಸಡಿಲಿದಾಗ ಏನಾಗುವುದೆಂಬುದಕ್ಕೆ ಇದೊಂದು ಸಾಕ್ಷಿ.

ಆಸ್ಟ್ರೇಲಿಯವು ನಡುದಾರಿಯನ್ನು ಹಿಡಿಯಿತು. ಅಲ್ಲಿ ೨೦೨೧ರ ಅಕ್ಟೋಬರ್ ೧ರಿಂದ ನಿಕೋಟಿನ್ ಇರುವ ಇ-ಸಿಗರೇಟನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಪಡೆಯಬಹುದಾಗಿತ್ತು. ೨೦೨೪ರ ಜುಲೈ ೧ರಿಂದ ಔಷಧದಂಗಡಿಯ ಹೊರಗೆ ಯಾವ ಇ-ಸಿಗರೇಟನ್ನೂ ಮಾರಕೂಡದೆಂದಾಯಿತು. ಅದೇ ವರ್ಷದ ಅಕ್ಟೋಬರ್ ೧ರಿಂದ, ಪ್ರಾಪ್ತವಯಸ್ಕನು ಔಷಧಜ್ಞನೊಡನೆ ಸಮಾಲೋಚಿಸಿ, ಮಿಲಿಲೀಟರಿಗೆ ೨೦ ಮಿಲಿಗ್ರಾಂ ಮೀರದ ಬಲದ್ದನ್ನು ಚೀಟಿಯಿಲ್ಲದೆ ಪಡೆಯಲು ಅವಕಾಶವಾಯಿತು. ಹೆಚ್ಚಿನ ಬಲಕ್ಕೆ ಚೀಟಿಯು ಬೇಕೇ ಬೇಕು. ಮೂರು ದೇಶಗಳು ಮೂರು ದಾರಿ. ಭಾರತವು ವಸ್ತುವನ್ನೇ ತಡೆದಿದೆ, ಬ್ರಿಟನ್ ವಸ್ತುವನ್ನು ಹಂಚಿದೆ, ಆಸ್ಟ್ರೇಲಿಯವು ವಸ್ತುವಿನ ನಡುವೆ ಮತ್ತು ಮನುಷ್ಯನ ನಡುವೆ ಔಷಧಜ್ಞನನ್ನು ನಿಲ್ಲಿಸಿದೆ.

ಇವುಗಳಲ್ಲಿ ಯಾವುದು ಮೇಲೆಂಬುದು ದೇಶಕಾಲಗಳನ್ನು ಅವಲಂಬಿಸುವುದು. ೨೦೧೬-೧೭ರ ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ ೨೮.೬ ಮಂದಿ ತಂಬಾಕನ್ನು ಬಳಸುತ್ತಿದ್ದರು. ಸೇದುವವರು ೧೦.೭ ಆದರೆ ಅಗಿಯುವುದು ಮೊದಲಾಗಿ ಹೊಗೆಯಿಲ್ಲದ ಕ್ರಮದವರು ೨೧.೪, ಬೀಡಿಯವರು ೭.೭, ಸಿಗರೇಟಿನವರು ೪. ಕರ್ನಾಟಕದಲ್ಲಿ ಒಟ್ಟು ೨೨.೮, ಅವರಲ್ಲಿಯೂ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಸಿಗರೇಟನ್ನೇ ಪ್ರಧಾನವಾಗಿ ಬಲ್ಲ ಬ್ರಿಟನ್ನಿಗೆ ಹೊಂದಿದ ಸಾಧನವು ಕಡ್ಡಿಪುಡಿಯ ನಾಡಿಗೆ ಹೊಂದಲೇಬೇಕ��ಂಬುದಕ್ಕೆ ಕಾರಣವಿಲ್ಲ. ಚಾಮರಾಜನಗರದ ಕೂಲಿಯವನಿಗೆ ಬ್ಯಾಟರಿಯ ಸಾಧನವು ಸಿಕ್ಕದೆ ಹೋದುದು ದೊಡ್ಡ ನಷ್ಟವಲ್ಲ. ಅವನ ನಷ್ಟವು ಬೇರೆ ಕಡೆಯಲ್ಲಿದೆ.

೭. ಔಷಧವು ಊರನ್ನು ಮುಟ್ಟುವ ಬಗೆ

ನಿಕೋಟಿನ್ ಪ್ರತಿನಿಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿಯೇ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಗೆ ಅದು ಸೇರಿದ್ದು ೨೦೨೨ರಲ್ಲಿ. ಪಟ್ಟಿಯಲ್ಲಿ ಹೆಸರು ಸೇರುವುದು ಒಂದು, ಗುಂಡ್ಲುಪೇಟೆಯ ಸಂತೆಗೆ ಬಂದವನ ಕೈಗೆ ಔಷಧವು ಸೇರುವುದು ಮತ್ತೊಂದು. ಈ ಎರಡರ ನಡುವೆ ಮೂರು ಅಡ್ಡಿಗಳು ಕಾಣುವುವು.

ಮೊದಲನೆಯದು ಚೀಟಿ. ಭಾರತದಲ್ಲಿ ೨ ಮಿಲಿಗ್ರಾಂ ಗಮ್ಮನ್ನು ಚೀಟಿಯಿಲ್ಲದೆ ಕೊಳ್ಳಬಹುದು. ೪ ಮಿಲಿಗ್ರಾಮಿನದಕ್ಕೆ ಚೀಟಿ ಬೇಕು. ಬಲವಾದ ಔಷಧಕ್ಕೆ ಬಲವಾದ ಕಟ್ಟು ಎಂಬ ನ್ಯಾಯವು ಸರಿಯೇ. ಆದರೆ ೪ ಮಿಲಿಗ್ರಾಮಿನದು ಬೇಕಾಗುವುದು ಎದ್ದ ಅರ್ಧಗಂಟೆಯೊಳಗೆ ಮೊದಲನೆಯ ಬೀಡಿಯನ್ನು ಹಚ್ಚುವಂತಹ ತೀವ್ರವ್ಯಸನಿಗೆ. ದಿನಗೂಲಿಯನ್ನು ಬಿಟ್ಟು ವೈದ್ಯನಲ್ಲಿಗೆ ಬರಲಾರದವರು ಹಲವರು ಈ ಗುಂಪಿನವರೇ. ಬೀಡಿಗೆ ಚೀಟಿ ಬೇಡ. ಬೀಡಿಯನ್ನು ಬಿಡಿಸುವ ಔಷಧಕ್ಕೆ ಬೇಕು. ಕಟ್ಟನ್ನು ಬಿಚ್ಚುವುದು ಇದಕ್ಕೆ ಪರಿಹಾರವಲ್ಲ. ಕಟ್ಟುವವನು ಊರಿಗೇ ಬರುವಂತಾಗಬೇಕು.

ಎರಡನೆಯದು ಬೆಲೆ. ಒಂದು ದಿನಕ್ಕೆ ಬೇಕಾಗುವ ಗಮ್ಮಿನ ಬೆಲೆಯು ಒಂದು ದಿನದ ಬೀಡಿಯ ಬೆಲೆಗಿಂತ ಹೆಚ್ಚು. ಬಿಟ್ಟರೆ ಮುಂದೆ ಹಣವು ಉಳಿಯುವುದು ನಿಜ. ಆದರೆ ಆ ದಿನದ ಕೂಲಿಯಿಂದ ಆ ದಿನದ ಅಕ್ಕಿಯನ್ನು ಕೊಳ್ಳುವವನು ಮುಂದಿನ ಉಳಿತಾಯವನ್ನು ಇಂದು ಖರ್ಚುಮಾಡಲಾರನು.

ಮೂರನೆಯದು ತಿಳಿವಳಿಕೆ. ಗಮ್ಮನ್ನು ಮಿಠಾಯಿಯಂತೆ ಜಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆತೊಳಸು ಬರುವುದೇ ಹೊರತು ಚಪಲವು ತಣಿಯದು. ಮೆಲ್ಲನೆ ಕೆಲವು ಸಲ ಅಗಿದು, ನಾಲಗೆಗೆ ಖಾರವೆನಿಸಿದೊಡನೆ ಕೆನ್ನೆಯ ಒಳಮಗ್ಗುಲಿಗೆ ಒತ್ತಿಟ್ಟು, ಖಾರವು ಇಳಿದ ಮೇಲೆ ಮತ್ತೆ ಅಗಿಯಬೇಕು. ನಿಕೋಟಿನ್ ಬಾಯಿಯ ತೆಳುಪೊರೆಯ ಮೂಲಕವೇ ಇಳಿಯತಕ್ಕದ್ದು. ಕಡ್ಡಿಪುಡಿಯನ್ನು ದವಡೆಯಲ್ಲಿಟ್ಟು ಬಲ್ಲವನಿಗೆ ಇದನ್ನು ಕಲಿಸುವುದು ಕಷ್ಟವಲ್ಲ, ಯಾರಾದರೂ ಹೇಳಿದರೆ. ಕಾಫಿ ಕುಡಿದೊಡನೆ ಗಮ್ಮನ್ನು ಹಾಕಿದರೆ ಅದರ ಬಲವು ಕುಂದುವುದರಿಂದ ಕಾಲುಗಂಟೆ ತಡೆಯಬೇಕು. ಹೋಟೆಲಿನ ಬೆಂಚಿನ ಮೇಲೆ ಕಾಫಿಯೊಡನೆಯೇ ಬೀಡಿ ಹಚ್ಚುವ ರೂಢಿಯವನಿಗೆ ಈ ಮಾತು ಮುಖ್ಯ. ಅಡಿಕೆ ಹೊಗೆಸೊಪ್ಪುಗಳಿಂದ ಬಾಯಿಯೇ ಕೆಟ್ಟು ದವಡೆ ತೆರೆಯಲಾರದವನಿಗೆ ಗಮ್ಮು ಆಗದು; ಪಟ್ಟಿಯೇ ಬೇಕು. ಇದನ್ನು ಗೊತ್ತುಮಾಡುವುದಕ್ಕೆ ನೋಡುವ ಕಣ್ಣು ಬೇಕು, ಮುದ್ರಿತ ಕಾಗದವು ಸಾಲದು.

ಈ ಅಡ್ಡಿಗಳನ್ನು ದಾಟಿಸಲು ತಕ್ಕ ಏರ್ಪಾಡು ಇಲ್ಲವೆಂದಲ್ಲ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮವು ೨೦೦೭-೦೮ರಲ್ಲಿ ಆರಂಭವಾಯಿತು. ತಂಬಾಕು ಬಿಡಲೆಳಸುವವರಿಗೆ ಸಲಹೆ ಕೊಡುವ ಉಚಿತ ದೂರವಾಣಿಯು, ೧೮೦೦-೧೧-೨೩೫೬ ಎಂಬ ಸಂಖ್ಯೆಯಲ್ಲಿ, ೨೦೧೬ರಲ್ಲಿ ದೆಹಲಿಯಿಂದ ಮೊದಲಾಗಿ, ೨೦೧೮ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ವಿಸ್ತರಿಸಿತು. ಅಲ್ಲಿ ಕನ್ನಡದಲ್ಲಿಯೂ ಉತ್ತರ ದೊರೆಯುವುದು. ಆ ಸಂಖ್ಯೆಯನ್ನು ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚುಮಾಡಬೇಕೆಂಬ ನಿಯಮವು ೨೦೧೮ರಿಂದ ಇದೆ. ಆದರೆ ಬೀಡಿಯನ್ನು ಒಂದೆರಡಾಗಿ ಬಿಡಿಯಾಗಿ ಕೊಳ್ಳುವವನು ಪೊಟ್ಟಣವನ್ನೇ ನೋಡುವುದಿಲ್ಲ. ಎಚ್ಚರಿಕೆಯ ಚಿತ್ರವೂ ಸಹಾಯದ ಸಂಖ್ಯೆಯೂ ಅಂಗಡಿಯವನ ಬಳಿಯೇ ಉಳಿಯುವುವು. ಬಿಡಿಮಾರಾಟವನ್ನು ತಡೆಯುವ, ಕೊಳ್ಳುವವನ ವಯಸ್ಸನ್ನು ೨೧ಕ್ಕೆ ಏರಿಸುವ, ಸಾರ್ವಜನಿಕ ಸ್ಥಳದಲ್ಲಿ ಸೇದುವವನ ದಂಡವನ್ನು ಸಾವಿರ ರೂಪಾಯಿಗೆ ಹೆಚ್ಚಿಸುವ ಕರ್ನಾಟಕದ ತಿದ್ದುಪಡಿಯು ೨೦೨೫ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆದು ಜಾರಿಗೆ ಬಂದುದು ಈ ದೃಷ್ಟಿಯಿಂದಲೂ ಸಾರ್ಥಕವಾದುದು.

ಇನ್ನೊಂದು ಸಂಗತಿಯು ಇದಕ್ಕಿಂತ ಹೆಚ್ಚು ವಿಚಾರಾರ್ಹ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ೩೦ ವರ್ಷ ಮೀರಿದವರ ಆರೋಗ್ಯವನ್ನು ವಿಚಾರಿಸಿ ತುಂಬುವ ಪತ್ರದಲ್ಲಿ ತಂಬಾಕಿನ ಪ್ರಶ್ನೆಯೊಂದಿದೆ. ಎಂದೂ ಬಳಸದವನಿಗೆ ಸೊನ್ನೆ, ಹಿಂದೆ ಬಳಸಿದವನಿಗೂ ಆಗಾಗ ಬಳಸುವವನಿಗೂ ಒಂದು, ದಿನವೂ ಬಳಸುವವನಿಗೆ ಎರಡು ಎಂದು ಅಂಕ. ಎಂದರೆ ಯಾರು ವ್ಯಸನಿಯೆಂಬುದು ಮನೆಯ ಹೊಸ್ತಿಲಲ್ಲಿಯೇ ಗೊತ್ತಾಗಿರುವುದು. ರೋಗವನ್ನು ಗುರುತಿಸುವ ಕೈ ಹೊಸ್ತಿಲಿಗೆ ಬಂದಿದೆ; ಔಷಧವನ್ನು ಕೊಡುವ ಕೈ ಅದರ ಹಿಂದೆಯೇ ಬರಬೇಕಾಗಿದೆ.

ಇದು ಆಗದ ಮಾತೆಂದು ಈ ಜಿಲ್ಲೆಯಲ್ಲಿ ಹೇಳುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಪೋಡುಗಳಿಗೆ ವೈದ್ಯವನ್ನು ಒಯ್ದಿತು. ೧೯೮೬ರಲ್ಲಿ ಆರಂಭವಾದ ಕರುಣಾ ಟ್ರಸ್ಟು ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ನಿವಾರಣೆಗೆ ಕೈಹಾಕಿ, ೧೯೯೬ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡಿತು. ಕುಷ್ಠ, ಕ್ಷಯಗಳೆರಡಕ್ಕೂ ತಿಂಗಳುಗಟ್ಟಲೆ ತಪ್ಪದೆ ಔಷಧ ಕೊಡಬೇಕು; ನಡುವೆ ಬಿಟ್ಟರೆ ಫಲವಿಲ್ಲ. ರೋಗಿಯು ಬರಲೆಂದು ಕಾಯದೆ ಅವನಿದ್ದೆಡೆಗೆ ಹೋಗಿ, ನುಂಗಿದನೆ ಇಲ್ಲವೆ ಎಂದು ನೋಡಿ, ಮುಂದಿನ ಭೇಟಿಯನ್ನು ಗೊತ್ತುಮಾಡುವುದೇ ಅಲ್ಲಿಯ ಕ್ರಮ. ತಂಬಾಕಿನ ನಿವೃತ್ತಿಗೂ ಬೇಕಾದುದು ಇದೇ. ಕ್ಷಯರೋಗಿಗಳಲ್ಲಿ ತಂಬಾಕು ಸೇವಿಸುವವರನ್ನು ಗುರುತಿಸಿ ಬಿಡಿಸಬೇಕೆಂಬ ಏರ್ಪಾಡನ್ನು ರಾಷ್ಟ್ರಮಟ್ಟದಲ್ಲಿ ೨೦೧೭ರಲ್ಲಿ ರೂಪಿಸಿರುವುದರಿಂದ, ಹಾದಿಯು ಹೊಸದೂ ಅಲ್ಲ. ೨೦೧೬ರಲ್ಲಿ ಚಾಮರಾಜನಗರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಆರಂಭವಾದ ಮೇಲೆ, ಚೀಟಿ ಬರೆಯಬಲ್ಲವರೂ ಬರೆಯಲು ಕಲಿಯುವವರೂ ಜಿಲ್ಲೆಯಲ್ಲಿಯೇ ಇದ್ದಾರೆ.

೮. ಸಿದ್ಧಾಂತ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಇ-ಸಿಗರೇಟಿನ ನಿಷೇಧವು ಪರೀಕ್ಷೆಗೊಳಗಾಗದ ದ್ರವ್ಯವು ವರ್ತಕನ ಮೂಲಕ ಎಳೆಯರನ್ನು ಮುಟ್ಟದಂತೆ ತಡೆಯುವ ಮಟ್ಟಿಗೆ ಯುಕ್ತವಾದುದು. ಆದರೆ ತಡೆಯುವುದು ಕಾರ್ಯದ ಅರ್ಧ. ಅದೇ ೨೦೧೬-೧೭ರ ಸಮೀಕ್ಷೆಯಲ್ಲಿ ಸೇದುವವರಲ್ಲಿ ನೂರಕ್ಕೆ ೫೫.೪ ಮಂದಿ ಬಿಡಬೇಕೆಂದು ಯೋಚಿಸುತ್ತಿದ್ದವರು. ವೈದ್ಯರನ್ನು ಕಂಡವರಲ್ಲಿ ಬಿಡೆಂಬ ಮಾತನ್ನು ಕೇಳಿದವರು ೪೮.೮. ಎಂದರೆ ಅರ್ಧಕ್ಕೆ ಮೀರಿ ಜನರಿಗೆ ಇಚ್ಛೆಯುಂಟು. ವೈದ್ಯನ ಎದುರಿಗೇ ಕುಳಿತಿದ್ದ ಅರ್ಧಕ್ಕೆ ಮೀರಿ ಜನರಿಗೆ ಆ ಮಾತೂ ದೊರೆಯಲಿಲ್ಲ. ಇಚ್ಛೆಗೆ ವಿಧಿಯು ಕೂಡಿಬರದಿದ್ದರೆ ಮನುಷ್ಯನು ಮತ್ತೆ ಅಂಗಡಿಗೇ ಹಿಂದಿರುಗುವನು.

ದ್ರವ್ಯ, ಮಾತ್ರೆ, ಕಾಲ, ಸಾಧನ, ಅಧಿಕಾರಿ ಎಂಬ ಐದು ಕಟ್ಟುಗಳು ಸಡಿಲಿದ್ದರಿಂದ ಧೂಮಪಾನವೆಂಬ ಔಷಧಶಬ್ದವು ವ್ಯಸನಶಬ್ದವಾಯಿತು. ಇಂದಿನ ಗಮ್ಮು ಪಟ್ಟಿಗಳಲ್ಲಿ ದ್ರವ್ಯ, ಮಾತ್ರೆ, ಸಾಧನಗಳನ್ನು ಶಾಸ್ತ್ರವು ಮತ್ತೆ ಕಟ್ಟಿಕೊಟ್ಟಿದೆ. ಕಾಲವನ್ನೂ ಅಧಿಕಾರಿಯನ್ನೂ ಗೊತ್ತುಮಾಡತಕ್ಕದ್ದು ಎದುರಿಗೆ ಕುಳಿತ ವೈದ್ಯನು ಅಥವಾ ಅವನಿಂದ ಕಲಿತ ಆರೋಗ್ಯಕಾರ್ಯಕರ್ತನು. ವೈದ್ಯರ ಚೀಟಿಯೆಂಬುದರ ಅರ್ಥವು ಇಷ್ಟೇ: ಒಬ್ಬನು ಇನ್ನೊಬ್ಬನನ್ನು ನೋಡಿ, ವಿಚಾರಿಸಿ, ಮತ್ತೆ ಬಾ ಎಂದು ಹೇಳಿದ್ದಾನೆಂಬುದಕ್ಕೆ ಗುರುತು. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಔಷಧಗಳನ್ನು ಬೆಲೆಯಿಲ್ಲದೆ ಇಟ್ಟು, ಆಶಾ ಕಾರ್ಯಕರ್ತೆಯ ಪತ್ರದಲ್ಲಿ ಎರಡೆಂಬ ಅಂಕವನ್ನು ಪಡೆದವನ ಹೆಸರನ್ನು ಕ್ಷಯರೋಗಿಯ ಹೆಸರಿನಂತೆ ವಾರವಾರಕ್ಕೂ ಓದಿನೋಡಿದರೆ, ಶಾಸನದ ಉಳಿದರ್ಧವು ನೆರವೇರುವುದು.